200 ಗಂಟೆ ಮುಗಿಯಿತು, ಅಕ್ಕ

ಮೊನ್ನೆ ಗುರುವಾರ ಇಲ್ಲಿ ಇಂಗ್ಲೆಂಡಿನಲ್ಲಿ ನಾನು ಓದುವ ವಿಶ್ವವಿದ್ಯಾಲಯದಿಂದ ಮೇಲ್ ಬಂತು. ಪಾಸಾಗಿದ್ದೇನೆ. ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಮಾತಿನ ಚಿಕಿತ್ಸೆ, ಅದರ ಸ್ನಾತಕೋತ್ತರ ಡಿಪ್ಲೊಮಾ ಮುಗಿಯಿತು. ಮೊದಲು ಹೇಳಿದ್ದು ಮಗಳಿಗೆ. "ಹಾಗಾದ್ರೆ ಶನಿವಾರ ಲ್ಯಾಪ್‌ಟಾಪ್ ತೆಗೆಯಲ್ವಾ?" ಅಂತ ಕೇಳಿದಳು. ತೆಗೆಯಲ್ಲ ಅಂದೆ. ಅವಳು ಮಾತಾಡದೆ ಹೋಗಿ ತನ್ನ ಸ್ಕೂಟರ್ ತಂದು ಬಾಗಿಲ ಹತ್ತಿರ ಇಟ್ಟಳು, ಶನಿವಾರಕ್ಕೆ ಅಂತ. ಈ ಒಂದು ವರ್ಷ ಅವಳು ಎಷ್ಟು ಕಾದಿದ್ದಾಳೆ ಅಂತ ನನಗೆ ಆಗ ಗೊತ್ತಾಯಿತು.

ಈ ಬರಹ ಥ್ಯಾಂಕ್ಸ್ ಹೇಳುವುದಕ್ಕೆ. ತುಂಬಾ ಜನರಿಗೆ ಹೇಳಬೇಕು. ಎಲ್ಲರ ಬಗ್ಗೆಯೂ ಒಂದೇ ಸಮ ಬರೆಯಲು ನನ್ನಿಂದ ಆಗಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ವಾರಕ್ಕೆ 2 ದಿನ ಕ್ಲಾಸಿನಲ್ಲಿ ಪಕ್ಕ ಕೂತು ನೋಟ್ಸ್ ಕೊಟ್ಟ ಗೆಳೆಯರಿಗೆ, ಎಷ್ಟೇ ಕೆಲಸವಿದ್ದರೂ ನನ್ನ ಜೊತೆಗಿನ ವಾರದ ಒಂದು ಗಂಟೆಯನ್ನು ಒಮ್ಮೆಯೂ ತಪ್ಪಿಸದ ನನ್ನ ಸೂಪರ್‌ವೈಸರ್‌ಗೆ, ಭಾನುವಾರಗಳಲ್ಲಿ ಮಗಳನ್ನು ಕರೆದುಕೊಂಡು ಹೋಗಿ ನನಗೆ ಮನೆ ಬಿಟ್ಟುಕೊಟ್ಟ ನನ್ನ ಗಂಡನಿಗೆ, ಹುಳಿ, ಚಿತ್ರಾನ್ನ, ಉಪ್ಪಿನಕಾಯಿ ಅಂತ ಬಾಗಿಲಲ್ಲಿ ಇಟ್ಟು ಬೆಲ್ ಕೂಡ ಮಾಡದೆ ಹೋದ ಇಲ್ಲಿನ ಕನ್ನಡ ಬಳಗಕ್ಕೆ, ಅಮ್ಮನಿಗೆ, ಅಣ್ಣನಿಗೆ. ಎಲ್ಲರಿಗೂ ಮನಸ್ಸಿನಿಂದ ಹೇಳುತ್ತಿದ್ದೇನೆ.

ಮಾನಸಗಂಗೋತ್ರಿಯಲ್ಲಿ ನನಗೆ ಮನಶ್ಶಾಸ್ತ್ರ ಕಲಿಸಿದ ಮೇಷ್ಟ್ರುಗಳಿಗೂ. ಕೋರ್ಸಿನ ಮೊದಲ ವಾರ ಒಬ್ಬರು ನನ್ನನ್ನು ಕೇಳಿದರು, ನಿಮ್ಮ ಕಡೆ ಸೈಕಾಲಜಿ ಓದಿಸ್ತಾರಾ ಅಂತ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಾನು ಹೇಳಿದೆ: ಮೈಸೂರಿನಲ್ಲಿ 1924ರಿಂದ ಓದಿಸುತ್ತಿದ್ದಾರೆ. ಆ ವಿಭಾಗ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ನಿಮ್ಮ ಲಂಡನ್ನಿನಲ್ಲೇ ಓದಿ ಊರಿಗೆ ಮರಳಿದವರು. 1935ರಲ್ಲಿ ಮನೆಯಿಂದಲೇ ರೇಡಿಯೊ ಕೇಂದ್ರ ಶುರು ಮಾಡಿದವರೂ ಅವರೇ. ಇದನ್ನೆಲ್ಲ ನನಗೆ ಹೇಳಿಕೊಟ್ಟಿದ್ದ ಮೇಷ್ಟ್ರು ಆವತ್ತು ತುಂಬಾ ನೆನಪಾದರು.

ಇನ್ನು ಅಕ್ಕನ ಬಗ್ಗೆ. ಒಡಹುಟ್ಟಿದವರಲ್ಲ, ಈ ದೇಶದಲ್ಲಿ ಪರಿಚಯವಾದವರು. ಅದಕ್ಕೆ ಮೊದಲು ನನ್ನ ಓದಿನ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಅಕ್ಕ ಏನು ಮಾಡಿದರು ಅನ್ನುವುದು ಅರ್ಥವಾಗಲ್ಲ.

ಊರಿಗೆ ಫೋನ್ ಮಾಡಿದಾಗಲೆಲ್ಲ ಚಿಕ್ಕಪ್ಪ ಕೇಳುತ್ತಾರೆ, "ಅಂದ್ರೆ ಜನಕ್ಕೆ ಧೈರ್ಯ ಹೇಳೋ ಕೆಲಸ, ಅಲ್ವೇನಮ್ಮಾ?" ನಾನೂ ಮೊದಲು ಸುಮಾರಾಗಿ ಹಾಗೇ ಅಂದುಕೊಂಡಿದ್ದೆ. ಒಬ್ಬರಿಗೆ ಇದ್ದಕ್ಕಿದ್ದ ಹಾಗೆ ಎದೆ ಡವಡವ ಅನ್ನುತ್ತದೆ ಅಂತ ಇಟ್ಟುಕೊಳ್ಳಿ. ಡಾಕ್ಟರು ನೋಡಿ, ಹೃದಯಕ್ಕೇನೂ ಆಗಿಲ್ಲ ಅಂದಿದ್ದಾರೆ. ಆದರೂ ಎದೆ ಹೊಡೆದುಕೊಂಡಾಗ ಇವರಿಗೆ ಹಾರ್ಟ್ ಅಟ್ಯಾಕ್ ಅನ್ನಿಸುತ್ತದೆ. ಹಾಗನ್ನಿಸಿದ ಕೂಡಲೇ ಗಾಬರಿ. ಗಾಬರಿಗೆ ಎದೆ ಇನ್ನೂ ಜೋರು. ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಈ ಸುತ್ತನ್ನು ಬಿಡಿಸಿ ಬರೆದರು. ನಮಗೆ ಮೊದಲ ತಿಂಗಳಲ್ಲೇ ಅದನ್ನು ಓದಿಸುತ್ತಾರೆ. ಗಾಬರಿಯಾದವರು ತಕ್ಷಣ ಕೂತುಬಿಡುತ್ತಾರೆ. ನಾಡಿ ಹಿಡಿದು ನೋಡಿಕೊಳ್ಳುತ್ತಾರೆ. ಪಕ್ಕದವರನ್ನು "ಏನೂ ಆಗಲ್ಲ ಅಲ್ವಾ?" ಅಂತ ಕೇಳುತ್ತಾರೆ. ನಾವು "ಏನೂ ಆಗಲ್ಲ, ಧೈರ್ಯವಾಗಿರಿ" ಅನ್ನುತ್ತೇವೆ. ಅದು ಪ್ರೀತಿಯ ಮಾತೇ. ಆದರೆ ಅದರಿಂದ ಬರುವ ಸಮಾಧಾನ ಸ್ವಲ್ಪ ಹೊತ್ತಿನದು. ಕೂತಿದ್ದಕ್ಕೆ ಬದುಕಿದೆ, ನಾಡಿ ನೋಡಿಕೊಂಡಿದ್ದಕ್ಕೆ ಬದುಕಿದೆ ಅನ್ನುವ ನಂಬಿಕೆ ಒಳಗೆ ಹಾಗೇ ಉಳಿಯುತ್ತದೆ. ಮರುದಿನ ಮತ್ತೆ ಕೇಳಬೇಕು, ಏನೂ ಆಗಲ್ಲ ಅಲ್ವಾ ಅಂತ. ಅವರು ಭಯದ ಜೊತೆ ಸ್ವಲ್ಪ ಹೊತ್ತು ಇದ್ದು, ಏನಾಗುತ್ತದೆ ಅಂತ ತಾವೇ ನೋಡಬೇಕು. ಅಲ್ಲಿಯವರೆಗೆ ಅವರ ಜೊತೆ ಇರುವುದು, ಸರಿಯಾದ ಪ್ರಶ್ನೆ ಕೇಳುವುದು, ಉತ್ತರಕ್ಕೆ ಕಾಯುವುದು ನಮ್ಮ ಕೆಲಸ. ಹೇಳಲು ಸುಲಭ. ಮಾಡಲು ತುಂಬಾ ಕಷ್ಟ.

ನನಗೆ ಬರದೇ ಇದ್ದದ್ದೂ ಅದೇ.

ಚಿಕಿತ್ಸೆಗೆ ಬಂದವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದ ಸೆಷನ್‌ಗಳನ್ನು ನಾವು ಪರೀಕ್ಷೆಗೆ ಕೊಡಬೇಕು. ನಾವು ಅದಕ್ಕೆ ಈಗಲೂ ಟೇಪ್ ಅಂತಲೇ ಅನ್ನುತ್ತೇವೆ. ಅದನ್ನು 12 ಅಂಶಗಳಲ್ಲಿ ಅಳೆಯುತ್ತಾರೆ, ಒಂದೊಂದಕ್ಕೆ 6 ಅಂಕ, ಒಟ್ಟು 72. ಪಾಸಾಗಲು 36 ಬೇಕು. ನನ್ನ ಟೇಪ್‌ಗೆ 33 ಬಂತು. "ನೀವು ಉತ್ತರ ಕೊಟ್ಟುಬಿಡುತ್ತೀರಿ, ಅವರಿಗೆ ಹುಡುಕಲು ಬಿಡುವುದಿಲ್ಲ" ಅಂತ ಬರೆದಿದ್ದರು. ಮಾರ್ಚ್ ತಿಂಗಳ ಒಂದು ಮಂಗಳವಾರ ಮನೆಯಲ್ಲಿ ಕೂತು ಆ ಟೇಪ್ ಮತ್ತೆ ಕೇಳುತ್ತಿದ್ದೆ. ಒಂದು ಗಂಟೆಯೊಳಗೆ 11 ಸಲ ಸಮಾಧಾನ ಹೇಳಿದ್ದೆ. ಅವರ ದನಿ ಸ್ವಲ್ಪ ನಡುಗಿದ ಕೂಡಲೇ ನಾನು ಮಾತು ಶುರು ಮಾಡಿದ್ದೆ. ಅವರ ನೋವನ್ನು ನೋಡುತ್ತಾ ಸುಮ್ನೆ ಇರಲು ನನಗೆ ಆಗಿರಲಿಲ್ಲ.

ಅದೇ ಹೊತ್ತಿಗೆ ಅಪ್ಪನ ಫೋನ್ ಬಂತು. ತಿಪಟೂರಿನಲ್ಲಿ ರಾತ್ರಿ 9 ಗಂಟೆ, ಇಲ್ಲಿ ಮಧ್ಯಾಹ್ನ ಮೂರೂವರೆ. ಊಟ ಮುಗಿಸಿ ಫೋನ್ ಮಾಡುವುದು ಅವರ ಅಭ್ಯಾಸ. ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಎಷ್ಟು ಗಂಟೆ ಆಯ್ತಮ್ಮಾ?" ಕೋರ್ಸ್ ಮುಗಿಯಲು 200 ಗಂಟೆ ಜನರನ್ನು ನೋಡಿರಬೇಕು ಅಂತ ಒಮ್ಮೆ ಹೇಳಿದ್ದೆ. ಇಡೀ ಜೀವನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದವರು. ನನ್ನ ಗಂಟೆಗಳನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದರು. ಆವತ್ತು ನಾನು ಕಟ್ ಮಾಡಿದೆ. "ಆಮೇಲೆ ಮಾಡ್ತೀನಿ ಅಪ್ಪ" ಅಂತ ಮೆಸೇಜ್ ಹಾಕಿದೆ. ಮಾಡಲಿಲ್ಲ.

ಆ ರಾತ್ರಿ 9:40ಕ್ಕೆ ಅಣ್ಣನ ಫೋನ್ ಬಂತು. ಅಪ್ಪ ಹೋಗಿಬಿಟ್ಟಿದ್ದರು. ಮುಂದಿನದು ನಿಮ್ಮಲ್ಲಿ ಹಲವರಿಗೆ ಗೊತ್ತು. ವೀಸಾ ಅರ್ಜಿ ಇನ್ನೂ ಇತ್ಯರ್ಥವಾಗಿರಲಿಲ್ಲ, ದೇಶ ಬಿಟ್ಟರೆ ಅರ್ಜಿಯೇ ಬಿದ್ದುಹೋಗುತ್ತಿತ್ತು, ನಾನು ಹೋಗಲಿಲ್ಲ. ಅದನ್ನು ಮತ್ತೆ ಬರೆಯುವ ಶಕ್ತಿ ನನಗಿಲ್ಲ.

ಗಂಡ ಕೆಲಸದ ಮೇಲೆ ಅಬರ್ಡೀನ್‌ನಲ್ಲಿದ್ದರು. ಮಗಳು ಮೇಲೆ ಮಲಗಿದ್ದಳು. ನಾನು ಯಾರಿಗೆ ಫೋನ್ ಮಾಡಿದೆ ಅಂತಲೇ ನೆನಪಿಲ್ಲ. ಬಂದವರು ಅಕ್ಕ.

ಅಕ್ಕ ಹಾಸನದ ಕಡೆಯವರು. ನರ್ಸ್ ಆಗಿ ಈ ದೇಶಕ್ಕೆ ಬಂದು 20 ವರ್ಷದ ಮೇಲಾಯಿತು. ನಮ್ಮ ಪರಿಚಯ ಆದದ್ದು ಲಂಡನ್ನಿನಲ್ಲಿ, ಥೇಮ್ಸ್ ದಡದ ಬಸವಣ್ಣನವರ ಪ್ರತಿಮೆಯ ಹತ್ತಿರ. ಆಮೇಲೆ ನೋಡಿದರೆ ಇಬ್ಬರೂ ಮಿಡ್‌ಲ್ಯಾಂಡ್ಸ್‌ನ ಒಂದೇ ಊರಿನವರು, ಎರಡು ಬೀದಿ ಆಚೀಚೆ. ಹಬ್ಬಕ್ಕೆ ಹೋಗಿ ಬರುವಷ್ಟು ಬಳಕೆ ಇತ್ತು, ಅಷ್ಟೇ.

ಅವರು ವಾರ್ಡಿನಲ್ಲಿ ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಆಗಷ್ಟೇ ಮನೆ ಮುಟ್ಟಿದ್ದರಂತೆ. ಯೂನಿಫಾರ್ಮ್‌ನಲ್ಲೇ ಬಂದರು. ಕೈಯಲ್ಲಿ ಎರಡು ಅಂತಸ್ತಿನ ಸ್ಟೀಲ್ ಡಬ್ಬಿ, ತಮ್ಮ ರಾತ್ರಿ ಊಟಕ್ಕೆ ಇಟ್ಟುಕೊಂಡಿದ್ದ ಅನ್ನ, ಸಾರು. ಶೂ ಬಿಚ್ಚಿದರು, ಕೈ ತೊಳೆದರು, ನನ್ನ ಪಕ್ಕ ಅಡುಗೆಮನೆಯ ನೆಲದ ಮೇಲೆ ಕೂತರು. ಬೆನ್ನ ಮೇಲೆ ಕೈ ಇಟ್ಟರು. ಸವರಲಿಲ್ಲ, ತಟ್ಟಲಿಲ್ಲ. ಸುಮ್ನೆ ಇಟ್ಟರು.

ಆ ರಾತ್ರಿ ಅವರು "ಧೈರ್ಯ ತಗೋ" ಅಂತ ಒಂದು ಸಲವೂ ಹೇಳಲಿಲ್ಲ. "ಹೋಗೋರು ಹೋಗ್ತಾರೆ" ಅನ್ನಲಿಲ್ಲ. "ಅಳಬೇಡ ಕಣೇ" ಅನ್ನಲಿಲ್ಲ. ನಾನು ಅತ್ತಾಗ ಅಳಲು ಬಿಟ್ಟರು. ಒಂದು ಗಂಟೆ ಹೊತ್ತಿಗೆ ಎದ್ದು ಟೀ ಮಾಡಿದರು. "ನಾಳೆ ಮಗೂಗೆ ಪಿಇ ಇದೆಯಾ?" ಅಂತ ಕೇಳಿದರು. ಇದೆ ಅಂದೆ. ಒಗೆದ ಬಟ್ಟೆಯ ರಾಶಿಯಲ್ಲಿ ಹುಡುಕಿ ಅವಳ ಶಾರ್ಟ್ಸ್, ಟೀ ಶರ್ಟ್ ತೆಗೆದು ಬ್ಯಾಗಿಗೆ ಹಾಕಿದರು. ಆ ಬ್ಯಾಗ್ ನೋಡಿದಾಗ, ನಾಳೆ ಅನ್ನುವುದು ಒಂದು ಇದೆ ಅಂತ ನನಗೆ ಅನ್ನಿಸಿತು.

ಮೂರೂವರೆಗೆ, ಊರಿನಲ್ಲಿ ಬೆಳಿಗ್ಗೆ 9 ಗಂಟೆಗೆ, ವಿಡಿಯೊ ಕಾಲ್ ಬಂತು. ಅಣ್ಣನ ಗೆಳೆಯರೊಬ್ಬರು ಫೋನ್ ಹಿಡಿದಿದ್ದರು. ಅಕ್ಕ ನನ್ನ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದರು. "ಮುಖ ನೋಡ್ತೀಯಾ ಪುಟ್ಟಿ?" ಅಂತ ಕೇಳಿದರು. ನೋಡ್ತೀನಿ ಅಂದೆ. ನೋಡಿದೆ. ಅಣ್ಣ ಮಡಕೆ ಹೊತ್ತು ಸುತ್ತು ಬರುವಾಗ ಎರಡು ಸಲ ಲೈನ್ ಹೋಯಿತು. ಎರಡು ಸಲವೂ ಅಕ್ಕನೇ ಮತ್ತೆ ಹಚ್ಚಿದರು.

ಎಲ್ಲ ಮುಗಿದ ಮೇಲೆ ನಾನು ಅಂದೆ, "ಅಕ್ಕ, ಅಪ್ಪ ಮಧ್ಯಾಹ್ನ ಫೋನ್ ಮಾಡಿದ್ರು. ನಾನು ಕಟ್ ಮಾಡಿದೆ."

"ನಿನ್ನ ತಪ್ಪಲ್ಲ ಬಿಡೇ" ಅಂತ ಯಾರಾದರೂ ಅಂದೇ ಅನ್ನುತ್ತಾರೆ, ಅಲ್ವಾ? ನಾನಾಗಿದ್ದರೆ ಅಂದಿರುತ್ತಿದ್ದೆ. ಅಕ್ಕ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ತೆಗೆದಿದ್ರೆ ಏನು ಮಾತಾಡ್ತಿದ್ರಿ ಇಬ್ರೂ?"

ನಾನು ಹೇಳತೊಡಗಿದೆ. ಗಂಟೆ ಎಷ್ಟಾಯ್ತು ಅಂತ ಕೇಳ್ತಿದ್ರು. 118 ಅಂತಿದ್ದೆ. ಕೊಬ್ಬರಿ ರೇಟ್ ಹೇಳ್ತಿದ್ರು. ಅಲ್ಲಿ ಚಳಿ ಎಷ್ಟು ಅಂತ ಕೇಳ್ತಿದ್ರು. ಮಗಳು ಸ್ಕೂಲಿನಲ್ಲಿ ಏನು ತಿಂದಳು ಅಂತ ಕೇಳಿ, ಅದೇನು ಊಟ ಅಂತ ಬೈತಿದ್ರು. ಹೇಳುತ್ತಾ ಹೇಳುತ್ತಾ ಬೆಳಗಾಯಿತು. ನಡುವೆ ಒಮ್ಮೆ ನಗುವೂ ಬಂತು.

ಮರುದಿನದ ಡ್ಯೂಟಿಯನ್ನು ಅವರು ಬೇರೆಯವರಿಗೆ ಬದಲಾಯಿಸಿ ಕೊಟ್ಟಿದ್ದರು. ಅದರ ಬದಲಿಗೆ ಈಸ್ಟರ್ ಭಾನುವಾರ ಕೆಲಸ ಮಾಡಿದರು. ಇದನ್ನು ಅಕ್ಕ ನನಗೆ ಹೇಳಲಿಲ್ಲ. ಮೇ ತಿಂಗಳಲ್ಲಿ ಅವರ ಜೊತೆ ಕೆಲಸ ಮಾಡುವವರೊಬ್ಬರಿಂದ ಗೊತ್ತಾಯಿತು.

ಮೂರು ವಾರ ರಜೆ ಹಾಕಿದೆ. ಕೆಲಸದ ಜಾಗದಲ್ಲಿ ಒಬ್ಬರು "ಹಾಗಾದ್ರೆ ನಿಮ್ಮ ಗಂಟೆಗಳು ಹಿಂದೆ ಬೀಳುತ್ತವಲ್ಲ" ಅಂದರು. ಆ ಮಾತು ಈಗಲೂ ಚುಚ್ಚುತ್ತದೆ. ಕೋರ್ಸ್ ಬಿಡುತ್ತೇನೆ ಅಂತ ಮೇಲ್ ಬರೆದು ಇಟ್ಟಿದ್ದೆ, ಕಳಿಸಿರಲಿಲ್ಲ.

ಏಪ್ರಿಲ್‌ನಲ್ಲಿ ಕ್ಲಾಸಿಗೆ ಮರಳಿದಾಗ, ನಮ್ಮದೇ ಒಂದು ಯೋಚನೆಯನ್ನು ಹಾಳೆಯ ಮೇಲೆ ಬರೆದು ಪರೀಕ್ಷಿಸುವ ಅಭ್ಯಾಸ ಇತ್ತು. ಯೋಚನೆ, ಅದಕ್ಕೆ ಆಧಾರ, ಅದಕ್ಕೆ ವಿರುದ್ಧವಾದ ಆಧಾರ. ಇಂಗ್ಲಿಷಿನಲ್ಲಿ ಬರೆದೆ: ನಾನು ಆವತ್ತು ವಾಪಸ್ ಫೋನ್ ಮಾಡಬೇಕಿತ್ತು ಅಂತ. ಓದಿದರೆ ಏನೂ ಅನ್ನಿಸಲಿಲ್ಲ. ಯಾರದೋ ವಾಕ್ಯದ ಹಾಗಿತ್ತು. ಸೂಪರ್‌ವೈಸರ್ ಹೇಳಿದರು, ನಿಮ್ಮ ಭಾಷೆಯಲ್ಲಿ ಬರೆದು ನೋಡಿ. ಬರೆದೆ. ಎರಡೇ ಪದ ಬಂತು. "ಅಪ್ಪ ಕಾದ್ರು."

ಆವತ್ತು ಕ್ಲಾಸಿನಿಂದ ಎದ್ದು ಹೊರಗೆ ಹೋದೆ. ಗೆಳೆಯರೇ, ಹಿಂದೆಯೇ ಬಂದು ಏನೂ ಕೇಳದೆ ನಿಂತಿದ್ದಿರಲ್ಲ, ಅದನ್ನೂ ಮರೆತಿಲ್ಲ.

ಆ ಎರಡು ಪದದ ಮೇಲೆ ಎರಡು ತಿಂಗಳು ಕೆಲಸ ಮಾಡಿದ್ದೇನೆ. ಅಮ್ಮನನ್ನು ಕೇಳಿದೆ. ಆ ಮೆಸೇಜ್ ನೋಡಿ ಅಪ್ಪ "ಪಾಪ, ಓದ್ತಾ ಇದಾಳೆ" ಅಂದು ಮಲಗಿದರಂತೆ. ಇದು ತಿಳಿದ ಮೇಲೂ ನೋವು ಹೋಗಲಿಲ್ಲ. ಆದರೆ ಬೇರೆ ಆಯಿತು. ಈಗ ಆ ನೋವಿನ ಜೊತೆ ಇರಬಲ್ಲೆ.

ಜೂನ್‌ನಲ್ಲಿ ಮತ್ತೆ ಟೇಪ್ ಕೊಟ್ಟೆ. 41 ಬಂತು. ಆ ಸೆಷನ್ನಿನಲ್ಲಿ ಒಂದು ಕಡೆ ತುಂಬಾ ಹೊತ್ತು ಯಾರ ದನಿಯೂ ಇಲ್ಲ. ನಾನು ಸುಮ್ಮನಿದ್ದೆ. ಆಮೇಲೆ ಒಂದು ಪ್ರಶ್ನೆ ಕೇಳಿದೆ. ಸುಮ್ಮನಿರುವುದನ್ನು ಪುಸ್ತಕದಲ್ಲಿ ಓದಿದ್ದೆ, ಸೂಪರ್‌ವೈಸರ್ ಹತ್ತು ಸಲ ಹೇಳಿಕೊಟ್ಟಿದ್ದರು. ಆದರೆ ಹಾಗೆ ಸುಮ್ಮನೆ ಕೂತವರ ಪಕ್ಕದಲ್ಲಿ ಇರುವುದು ಹೇಗಿರುತ್ತದೆ ಅನ್ನುವುದು ನನಗೆ ಗೊತ್ತಾದದ್ದು ಆ ಅಡುಗೆಮನೆಯಲ್ಲಿ. ಅದಾದ ಮೇಲೆ ನನಗೆ ಸುಮ್ಮನಿರಲು ಭಯವಾಗಿಲ್ಲ.

ಈ ವರ್ಷ ನನ್ನ ಮುಂದೆ ಬಂದು ಕೂತ ಜನರೇ, ನಿಮ್ಮ ಒಂದು ಗುರುತನ್ನೂ ಇಲ್ಲಿ ಬರೆಯುವುದಿಲ್ಲ. ಕಲಿಯುತ್ತಿರುವವಳು ಅಂತ ಗೊತ್ತಿದ್ದೂ ನನ್ನನ್ನು ನಂಬಿದಿರಿ. ನಿಮ್ಮ ಋಣ ದೊಡ್ಡದು.

ಆಗಸ್ಟ್‌ನಲ್ಲಿ 200 ಆಯಿತು. ಅಮ್ಮನಿಗೆ ಹೇಳಿದೆ. ಅಣ್ಣ ಕ್ಯಾಲೆಂಡರಿನ ಫೋಟೊ ಕಳಿಸಿದ. ಮಾರ್ಚ್ ಪುಟದಲ್ಲಿ ಅಪ್ಪನ ಕೈಬರಹದಲ್ಲಿ 112. ಆಗಸ್ಟ್ ಪುಟದಲ್ಲಿ ಅಮ್ಮನ ಕೈಬರಹದಲ್ಲಿ 200.

ಅಕ್ಕ, ನೀವು ಇದನ್ನು ಓದುವಾಗ ನೈಟ್ ಡ್ಯೂಟಿ ಮುಗಿಸಿ ಬಸ್ಸಿನಲ್ಲಿರುತ್ತೀರಿ. ನಿಮ್ಮ ಡಬ್ಬಿ ಮಾರ್ಚ್‌ನಿಂದ ನಮ್ಮ ಮನೆಯಲ್ಲೇ ಇದೆ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಇಟ್ಟುಕೊಂಡಿದ್ದೆ, ತುಂಬಿಸಿ ಕೊಡುವ ಮನಸ್ಸು ಬರಲು ಇಷ್ಟು ದಿನ ಬೇಕಾಯಿತು. ಅಮ್ಮ ಊರಿಂದ ಕೊಬ್ಬರಿ ಕಳಿಸಿದ್ದಾರೆ. ಕೊಬ್ಬರಿ ಮಿಠಾಯಿ ಮಾಡುತ್ತೇನೆ. ಶನಿವಾರ ನೀವು ನಿದ್ದೆ ಮುಗಿಸಿ ಎದ್ದ ಮೇಲೆ ತರುತ್ತೇನೆ. ಮಗಳೂ ಬರುತ್ತಾಳೆ, ಸ್ಕೂಟರ್ ಸಮೇತ.