ಭೋಗ್ಯದ ಮನೆ: ನೋಟರಿ ಮುದ್ರೆ ನೆಚ್ಚಬೇಡಿ

ಮಾನ್ಯ ಸಂಪಾದಕರೇ,

ಕೆಲಸಕ್ಕೆ ಸೇರಿ ಮೂರ್ನಾಲ್ಕು ವರ್ಷವಾದ ಹುಡುಗ ಹುಡುಗಿಯರ ಮನೆಗಳಲ್ಲಿ ಬಾಡಿಗೆಯೋ, ಸಾಲ ಮಾಡಿ ಸ್ವಂತವೋ ಎಂಬ ಚರ್ಚೆ ಮುಗಿಯುವುದೇ ಇಲ್ಲ. ಹಾಸನದಲ್ಲಿ ಆ ಎರಡರ ನಡುವೆ ಭೋಗ್ಯವೂ ಕೂತಿದೆ, ಅಂದರೆ ಮಾಲೀಕನಿಗೆ ಇಡಿಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವುದು. ವಿದ್ಯಾನಗರವಿರಲಿ, ಸಾಲಗಾಮೆ ರಸ್ತೆಯ ಆಸುಪಾಸಿರಲಿ, ‘ಬಾಡಿಗೆ ಉಳಿಯಿತು, ಕೊಟ್ಟ ದುಡ್ಡು ಇಡಿಗಂಟಾಗಿ ವಾಪಸ್’ ಎಂದುಕೊಂಡೇ ಜನ ಭೋಗ್ಯಕ್ಕೆ ಹೋಗುತ್ತಾರೆ.

ಆದರೆ ಭೋಗ್ಯ ಪುಕ್ಕಟೆಯಲ್ಲ. 8 ಲಕ್ಷ ಕೊಟ್ಟಿರಿ ಅಂದುಕೊಳ್ಳಿ. ಅದೇ ಹಣ ಶೇ 6.5ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 52,000, ತಿಂಗಳಿಗೆ ಹೆಚ್ಚುಕಡಿಮೆ 4,300 ರೂಪಾಯಿ ಬರುತ್ತಿತ್ತು. ಅದೇ ನಿಮ್ಮ ಬಾಡಿಗೆ. ಮನೆ ಚೆನ್ನಾಗಿದ್ದರೆ ಅಗ್ಗವೇ ಸರಿ. ಶೇ 12ರ ಪರ್ಸನಲ್ ಲೋನ್ ತೆಗೆದು ಭೋಗ್ಯ ಕೊಟ್ಟವರಿಗೆ ಮಾತ್ರ ತಿಂಗಳಿಗೆ 8,000 ಬಡ್ಡಿಯೇ ಆಯಿತು. ಅಂಥವರು ಸುಮ್ಮನೆ ಬಾಡಿಗೆಗೇ ಇರುವುದು ವಾಸಿ.

ಇಷ್ಟು ಅಗ್ಗಕ್ಕೆ ಮಾಲೀಕ ಯಾಕೆ ಕೊಡುತ್ತಾನೆ? ಅವನಿಗೆ ಒಟ್ಟಿಗೆ ದುಡ್ಡು ಬೇಕಾಗಿರುತ್ತದೆ. ಎಷ್ಟೋ ಸಲ ಅದು ಹಿಂದಿನ ಭೋಗ್ಯದವನಿಗೆ ಕೊಡಬೇಕಾದ ದುಡ್ಡು, ಇಲ್ಲವೇ ಬ್ಯಾಂಕಿನ ಬಾಕಿ ಕಂತು. ಅಂದರೆ ನಿಮ್ಮ ಹಣ ವಾಪಸಾಗಬೇಕಾದರೆ ಮುಂದಿನ ಭೋಗ್ಯದವನು ಸಿಗಬೇಕು. ‘ಇನ್ನೆರಡು ತಿಂಗಳು ಇರಿ, ಪಾರ್ಟಿ ಬರ್ತಿದ್ದಾರೆ’ ಎಂಬ ಮಾತು ಹುಟ್ಟುವುದೇ ಅಲ್ಲಿ.

ನಿಜವಾದ ಪೆಟ್ಟು ಬೀಳುವುದು ಪತ್ರದಲ್ಲಿ. ಛಾಪಾ ಕಾಗದದ ಮೇಲೆ ಮೂರು ವರ್ಷದ ಕರಾರು ಬರೆದು, ನೋಟರಿ ಮಾಡಿಸಿ, ಆಯಿತು ಅಂದುಕೊಳ್ಳುತ್ತಾರೆ. ನೋಟರಿ ಮುದ್ರೆ ಸಹಿಗೆ ಸಾಕ್ಷಿಯಷ್ಟೇ, ಅದು ನೋಂದಣಿಯಲ್ಲ. ಒಂದು ವರ್ಷ ಮೀರಿದ ಗೇಣಿ (ಲೀಸ್) ಆಗಲಿ, ಮನೆಯನ್ನು ವಶಕ್ಕೆ ಕೊಟ್ಟು ಮಾಡುವ ಸ್ವಾಧೀನ ಸಹಿತ ಅಡಮಾನವಾಗಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಆಗದ ಪತ್ರ ಹಣ ಕೊಟ್ಟದ್ದಕ್ಕೆ ಸಾಕ್ಷಿಯಾದೀತು, ಮನೆಯ ಮೇಲೆ ಹಕ್ಕು ಹುಟ್ಟಿಸದು. ಆಸ್ತಿಯ ನೋಂದಾಯಿತ ವಹಿವಾಟುಗಳನ್ನು ತೋರಿಸುವ ಋಣಭಾರ ಪತ್ರದಲ್ಲೂ (ಇ.ಸಿ.) ಕಾಣದು. ಹಾಗಾಗಿ ನೀವು ಒಳಗಿರುವಾಗಲೇ ಮಾಲೀಕ ಇನ್ನೊಬ್ಬರಿಗೆ ಕ್ರಯ ಮಾಡಿದರೆ, ಕೊಂಡವರು ಇ.ಸಿ. ತೆಗೆಸಿ ‘ಇಲ್ಲಿ ಏನೂ ಇಲ್ಲವಲ್ಲ’ ಎನ್ನುತ್ತಾರೆ.

ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ ಇನ್ನೂ ಕಷ್ಟ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 65ಎ ಕಲಮು ಅಡವಿಟ್ಟ ಮನೆಯನ್ನು ಬಾಡಿಗೆಗೆ ಕೊಡಲು ಬಿಡುತ್ತದೆ, ಆದರೆ ಇಡಿಗಂಟನ್ನಾಗಲಿ ಮುಂಗಡ ಬಾಡಿಗೆಯನ್ನಾಗಲಿ ಪಡೆಯುವಂತಿಲ್ಲ; ಕಟ್ಟಡವಾದರೆ ಮೂರು ವರ್ಷ ಮೀರುವಂತಿಲ್ಲ. ಭೋಗ್ಯವೆಂದರೇ ಇಡಿಗಂಟು. ಬ್ಯಾಂಕಿನ ಒಪ್ಪಿಗೆ ಇಲ್ಲದಿದ್ದರೆ ಅದು ಬ್ಯಾಂಕನ್ನು ಕಟ್ಟಿಹಾಕದು. ಕಂತು ನಿಂತು, ಸಾಲ ತೀರದ ಆಸ್ತಿಯನ್ನು ಬ್ಯಾಂಕ್ ವಶಕ್ಕೆ ತೆಗೆದುಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಬರುವುದು ಮಾಲೀಕನ ಹೆಸರಿಗೆ. ನಿಮಗೆ ತಿಳಿಯುವುದು ಬಾಗಿಲಿಗೆ ಸ್ವಾಧೀನದ ಚೀಟಿ ಅಂಟಿಸಿದ ದಿನ.

ಹಾಗಾಗಿ ದುಡ್ಡು ಕೊಡುವ ಮುನ್ನ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಕನಿಷ್ಠ 15 ವರ್ಷದ ಇ.ಸಿ. ತೆಗೆಸಿ. ನಮೂನೆ 15 ಬಂದರೆ ವಹಿವಾಟುಗಳಿವೆ ಎಂದರ್ಥ, ಒಂದೊಂದನ್ನೂ ಓದಿ. 16 ಬಂದರೆ ನೋಂದಾಯಿತ ಋಣವಿಲ್ಲ. ಅಷ್ಟಕ್ಕೇ ನಿಲ್ಲಿಸಬೇಡಿ. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ಇ.ಸಿ.ಯಲ್ಲಿ ಬಾರದಿರಬಹುದು, ಅದಕ್ಕೆ ಅಡಮಾನ ಸಾಲಗಳ ಕೇಂದ್ರ ದಾಖಲೆಯಾದ ಸೆರ್ಸಾಯ್ ಜಾಲತಾಣದಲ್ಲಿ ಹುಡುಕಿ. ಮೂಲ ಕ್ರಯಪತ್ರ ತೋರಿಸಿ ಎನ್ನಿ. ಜೆರಾಕ್ಸ್ ಚಾಚಿ ‘ಮೂಲ ಲಾಕರಿನಲ್ಲಿದೆ’ ಎಂದರೆ ಯಾವ ಬ್ಯಾಂಕಿನ ಲಾಕರ್ ಎಂದು ಕೇಳುವ ಧೈರ್ಯ ಇರಲಿ. ಪಿತ್ರಾರ್ಜಿತ ಮನೆಯಾದರೆ ಅಣ್ಣತಮ್ಮಂದಿರದಷ್ಟೇ ಅಲ್ಲ, ಅಕ್ಕತಂಗಿಯರ ಸಹಿಯೂ ಬೇಕು. ಹಣ ಬ್ಯಾಂಕ್ ಮೂಲಕವೇ ಹೋಗಲಿ. 20,000 ಅಥವಾ ಅದಕ್ಕೂ ಹೆಚ್ಚಿನ ಸಾಲ, ಠೇವಣಿಯನ್ನು ನಗದಾಗಿ ಪಡೆದವನಿಗೆ ಅಷ್ಟೇ ಮೊತ್ತದ ದಂಡ ಹಾಕುವ ಅವಕಾಶ ಆದಾಯ ತೆರಿಗೆ ಕಾನೂನಿನಲ್ಲಿದೆ. ಮನೆ ಬಿಡುವಾಗ ಹಣ ಪೂರ್ತಿ ನಿಮ್ಮ ಖಾತೆಗೆ ವಾಪಸ್ ಬಂದ ಮೇಲೆಯೇ ಮಾಲೀಕನಿಗೆ ಕೀಲಿಕೈ, ಅಲ್ಲಿಯವರೆಗೆ ಬಾಡಿಗೆ ಕೇಳುವಂತಿಲ್ಲ ಎಂಬ ಸಾಲು ಪತ್ರದಲ್ಲಿರಲಿ.

ಇನ್ನು ಸ್ವಂತ ಮನೆ. 35 ಲಕ್ಷದ ಹಳೆಯ ಮನೆಗೆ ಬ್ಯಾಂಕ್ 30 ಲಕ್ಷ ಕೊಟ್ಟರೂ 5 ಲಕ್ಷ ಕೈಯಿಂದ ಹಾಕಬೇಕು. ನಗರ ವ್ಯಾಪ್ತಿಯಲ್ಲಿ ಮುದ್ರಾಂಕ, ಸೆಸ್, ಸರ್ಚಾರ್ಜ್ ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಒಟ್ಟು 2.66 ಲಕ್ಷ, ಇದಕ್ಕೆ ಗೃಹಸಾಲ ಸಿಗದು. ಎರಡೂ ಕೂಡಿಸಿದರೆ 7.66 ಲಕ್ಷ, ಹೆಚ್ಚುಕಡಿಮೆ ಆ ಭೋಗ್ಯದ ಗಂಟೇ! ಆದರೆ 30 ಲಕ್ಷಕ್ಕೆ ಶೇ 8.5ರಲ್ಲಿ 20 ವರ್ಷಕ್ಕೆ ಕಂತು ಸುಮಾರು 26,000. ಐದು ವರ್ಷ ಕಟ್ಟಿದ 15.6 ಲಕ್ಷದಲ್ಲಿ ಅಸಲಿಗೆ ಹೋಗುವುದು 3.5 ಲಕ್ಷ ಚಿಲ್ಲರೆ, ಉಳಿದದ್ದು ಬಡ್ಡಿ. ಮೂರು ವರ್ಷದಲ್ಲಿ ಬೆಂಗಳೂರಿಗೆ ವರ್ಗವಾಗುವ ಸೂಚನೆ ಇದ್ದವರು ಇದಕ್ಕೆ ಕೈಹಾಕಬಾರದು. ಇ-ಖಾತಾ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದ, ಅಥವಾ ಬಿ-ಖಾತಾದ (ನಿಯಮಬದ್ಧವಲ್ಲದ ಆಸ್ತಿಯ ದಾಖಲೆ) ಮನೆಗೆ ಮುಂಗಡ ಕೊಡಲೇಬಾರದು. ಅಂಥ ಮನೆಗೆ ಸಾಲ ಕೊಡಲು ಬ್ಯಾಂಕುಗಳು ಸಾಮಾನ್ಯವಾಗಿ ಹಿಂಜರಿಯುತ್ತವೆ.

ಭೋಗ್ಯ ಪತ್ರ ನೋಂದಾಯಿಸಲು ಮೊತ್ತದ ಮೇಲೆ ಶೇಕಡಾವಾರು ಶುಲ್ಕವಿದೆ. ಎರಡು ಮೂರು ವರ್ಷದ ವಾಸಕ್ಕೆ ಅದು ಭಾರ, ಅದಕ್ಕೇ ಇಬ್ಬರೂ ಸೇರಿಯೇ ತಪ್ಪಿಸುತ್ತಾರೆ. ವಾಸದ ಮನೆಯ ಸಣ್ಣ ಭೋಗ್ಯಗಳಿಗೆ ನೋಂದಣಿ ಇಲಾಖೆ ಒಂದು ನಿಗದಿತ, ಕೈಗೆಟಕುವ ಶುಲ್ಕ ಇಡಲಿ.

– ಒಬ್ಬ ಪತ್ರ ಬರಹಗಾರ, ಹಾಸನ