ಹರಕೆ ಇರಲಿ, ಡಯಾಲಿಸಿಸ್ ತಪ್ಪದಿರಲಿ

ಮಾನ್ಯರೇ,

ನನಗೀಗ 71. ಕಿಡ್ನಿ ಕೆಟ್ಟಿದ್ದರಿಂದ ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧಿ. ಎಡಗೈಯಲ್ಲಿ ಎರಡು ಸೂಜಿ, ಅಲುಗಾಡಿಸುವಂತಿಲ್ಲ. ಬಲಗೈಯಲ್ಲಿ ತುಳಸಿಮಾಲೆ. 108 ಮಣಿ ಮುಗಿದರೆ ಮತ್ತೆ ಮೊದಲಿಂದ. ಬಿಪಿ ಇಳಿದು ಮೀನಖಂಡ ಸೆಟೆದುಕೊಂಡಾಗ ಬಾಯಿಗೆ ಬರುವುದು ಕೃಷ್ಣನ ಹೆಸರೊಂದೇ. ನೋವು ಹೋಗುತ್ತದೆ ಎಂದಲ್ಲ, ನಾನು ಒಬ್ಬಳೇ ಅಲ್ಲ ಅನಿಸುತ್ತದೆ. ಪಕ್ಕದ ಮಂಚದ ಬ್ಯಾರಿ ಮುಸ್ಲಿಂ ಅಜ್ಜ ತಸ್ಬಿ ಜಪಮಣಿ ಎಣಿಸುತ್ತಾರೆ, ಅವರಿಗೂ ಹಾಗೆಯೇ ಅಂತೆ.

ಬರೆಯಲು ಕಾರಣವಿದೆ. ಕಳೆದ ತಿಂಗಳು ನೆಂಟರೊಬ್ಬರು, "ಹರಕೆ ಹೊತ್ತಾಗಿದೆ, ಇನ್ನು ಈ ಸೂಜಿ ಯಾಕೆ?" ಎಂದು ಒತ್ತಾಯಿಸಿದರು. ಒಂದು ಸರದಿ ತಪ್ಪಿಸಿದೆ. ಮುಖ, ಕಾಲು ಊದಿಕೊಂಡವು. ಮಲಗಿದರೆ ಉಸಿರು ಸಿಗದೆ ರಾತ್ರಿಯಿಡೀ ಗೋಡೆಗೊರಗಿ ಕುಳಿತಿದ್ದೆ. ಔಷಧಿ ಬಿಡು ಎಂದು ನನ್ನ ಕೃಷ್ಣ ಎಂದೂ ಹೇಳಿದವನಲ್ಲ.

ಪ್ರಸಾದದ ಬಾಳೆಹಣ್ಣು, ಎಳನೀರು, ಬೆಲ್ಲ-ಕಾಯಿಯ ಪಂಚಕಜ್ಜಾಯದಲ್ಲಿ ಪೊಟ್ಯಾಶಿಯಂ ಇರುತ್ತದೆ. ಕೆಟ್ಟ ಕಿಡ್ನಿ ಅದನ್ನು ಹೊರಹಾಕದು, ಹೆಚ್ಚಾದರೆ ಹೃದಯಕ್ಕೇ ಅಪಾಯ. ಇದನ್ನು ಬಿಡಿಸಿ ಹೇಳಿದವಳು ಒಬ್ಬ ನರ್ಸ್ ಹುಡುಗಿ. "ಟೀಚರ್, ತೀರ್ಥ ಒಂದು ಉದ್ಧರಣೆ ಸಾಕು. ಹಣ್ಣು ಕಣ್ಣಿಗೊತ್ತಿಕೊಂಡು ಮೊಮ್ಮಗನಿಗೆ ಕೊಡಿ" ಅಂದಳು. ನನ್ನ ಭಕ್ತಿಗೂ ಕುಂದಿಲ್ಲ, ಜೀವಕ್ಕೂ ಭಯವಿಲ್ಲ. ವೈದ್ಯರೆಲ್ಲರೂ ವಯಸ್ಸಾದ ರೋಗಿಗಳ ವ್ರತ, ಉಪವಾಸ, ಪ್ರಸಾದದ ಬಗ್ಗೆ ಹೀಗೆ ಕೇಳಿ ತಿಳಿಹೇಳಬೇಕೆಂದು ಕೈಮುಗಿದು ಕೇಳುತ್ತೇನೆ.

ನಾಳೆ ಡಯಾಲಿಸಿಸ್ ಇಲ್ಲ. ಮಗನ ಕೈ ಹಿಡಿದು ರಥಬೀದಿಗೆ ಹೋಗಿ ಕನಕನ ಕಿಂಡಿಯ ಮುಂದೆ ನಿಲ್ಲುವವಳಿದ್ದೇನೆ.

— ನಿವೃತ್ತ ಶಿಕ್ಷಕಿ, ಉಡುಪಿ