ಚೆಸ್ ಅಂದ್ರೆ ಅದೇ ಹಳೇ ಕಥೆನಾ?

ಸಂಪಾದಕರೇ, ನಮಸ್ಕಾರ. ಚೆಸ್‌ಗೆ ಜಾಗ ಕೊಡ್ತೀರಲ್ಲ, ಅದು ಖುಷಿನೇ, ಆದ್ರೆ ವಿಶೇಷ ಲೇಖನ ಬಂದಾಗೆಲ್ಲ 1914ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಷ್ಯಾದ ಝಾರ್ (ಚಕ್ರವರ್ತಿ) ಐದು ಜನಕ್ಕೆ ಚೆಸ್‌ನ ಅತಿ ದೊಡ್ಡ ಬಿರುದಾದ ಗ್ರ್ಯಾಂಡ್‌ಮಾಸ್ಟರ್ ಕೊಟ್ಟ ಅನ್ನೋ ಅದೇ ಕಥೆ ಹಾಕ್ತೀರಿ, ಆದ್ರೆ ಅದಕ್ಕೆ ಆ ಕಾಲದ ಗಟ್ಟಿ ದಾಖಲೆನೇ ಇಲ್ಲ, ಆ ಹೆಸರು ಮುಂಚೆನೇ ಬಳಕೆಲಿತ್ತು, ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಅಧಿಕೃತವಾಗಿ ಕೊಡೋಕೆ ಶುರು ಮಾಡಿದ್ದು 1950ರಲ್ಲಿ. ವಿಶ್ವನಾಥನ್ ಆನಂದ್‌ಗೆ ಮೊದಲ ವಿಶ್ವ ಚಾಂಪಿಯನ್ ಪಟ್ಟ ಸಿಕ್ಕಿದ್ದು 2007ರಲ್ಲಿ ಅಂತ ಬರೀತೀರಿ, ಹಂಗಾದ್ರೆ 2000ದಲ್ಲಿ ಟೆಹ್ರಾನ್‌ನಲ್ಲಿ ಶಿರೋವ್‌ನ ಸೋಲಿಸಿ ಫಿಡೆ ವಿಶ್ವ ಚಾಂಪಿಯನ್ ಆಗಿದ್ದು ಲೆಕ್ಕಕ್ಕಿಲ್ವಾ? ಲೇಖನದ ಜೊತೆ ಹಾಕೋ ಫೋಟೋ ಕಥೆ ಅಂತೂ ಕೇಳ್ಲೇಬೇಡಿ, ಆಟಗಾರನ ಬಲಗೈ ಮೂಲೆಲಿ ಬಿಳಿ ಮನೆ ಇರ್ಬೇಕಾದ ಕಡೆ ಕಪ್ಪು ಮನೆ, ರಾಜ ರಾಣಿ ಅದಲು ಬದಲು! ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ್ರು, ಅವ್ರ ಒಂದು ಆಟನಾದ್ರೂ ನಡೆ ಸಮೇತ ಹಾಕಿ ಸ್ವಾಮಿ.

– ಒಬ್ಬ ಓದುಗ, ಮೈಸೂರು